ಜನವರಿ ಒಂದರಂದು ಹುಟ್ಟಿದವರು

ಅವರು ತೀರಿಕೊಂಡ ವಾರಕ್ಕೆ, ಗಡಿಯಾಚೆ ತೆಲುಗು ರಾಜ್ಯಕ್ಕೆ ಸೇರಿದ ನಮ್ಮ ನಾರಾಯಣಪೇಟೆಯ ನೇಕಾರರ ಓಣಿಯ ತಿರುವಿನಲ್ಲಿ ಒಂದು ಫ್ಲೆಕ್ಸ್ ಎದ್ದಿತು. ಅವರದೊಂದು ಒಂಟಿ ಫೋಟೋ ಯಾರ ಬಳಿಯೂ ಇರಲಿಲ್ಲವಂತೆ. ಯಾವುದೋ ಗುಂಪಿನ ಫೋಟೋದಿಂದ ತಲೆ ಕತ್ತರಿಸಿ ಹಾಕಿದ್ದರು, ಜೊತೆಗೆ ಪಕ್ಕದವರ ಭುಜವೂ ಬಂದುಬಿಟ್ಟಿತ್ತು. ಕೆಳಗೆ ತೆಲುಗಿನಲ್ಲಿ, ದಪ್ಪ ಕೆಂಪು ಅಕ್ಷರಗಳಲ್ಲಿ, ಬಡವರ ಪಾಲಿನ ಮಹಾ ವೈದ್ಯೆ ಎಂದು ಬರೆಸಿದ್ದರು. ನಾನು ಬೈಕು ನಿಲ್ಲಿಸಿ ಓದಿದೆ. ದುಃಖ ಬರಬೇಕಾದಲ್ಲಿ ನನಗೆ ಸಿಟ್ಟು ಬಂತು. ಅವರು ವೈದ್ಯೆ ಅಲ್ಲ. ಜೀವಮಾನದಲ್ಲಿ ಯಾರಿಗೂ ಒಂದು ಗುಳಿಗೆ ಕೊಟ್ಟವರಲ್ಲ, ಒಬ್ಬರ ನಾಡಿ ಹಿಡಿದವರಲ್ಲ. ಇದೇ ಓಣಿಯಲ್ಲಿ, ಇದೇ ಜನಕ್ಕೆ, "ನಾ ಆ ಡಾಕ್ಟರ್ ಅಲ್ಲರೀ, ಸಂಶೋಧನಾ ಮಾಡಿ ಆದ ಡಾಕ್ಟರ್" ಎಂದು ಅವರು ಎಷ್ಟು ಸಲ ಹೇಳಿದ್ದರೋ. ಜನ ಹೂಂ ಎಂದು ತಲೆಯಾಡಿಸಿ, ಬಾಯಿ ತೆರೆದು ನಾಲಿಗೆ ತೋರಿಸುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರು ಭಾರಿ ಕಟ್ಟುನಿಟ್ಟು. ಪರೀಕ್ಷೆಗೆಂದು ಯಾರ ಮೈಯಿಂದ ತೆಗೆದ ತುಣುಕೇ ಆಗಲಿ, ಸೀಸೆಯ ಮೇಲೆ ನಂಬರು ಇರಬೇಕೇ ಹೊರತು ಹೆಸರು ಇರಕೂಡದು. ಒಮ್ಮೆ ನಾನು ಮರೆವಿಗೆ ಒಬ್ಬರ ಹೆಸರು ಬರೆದುಬಿಟ್ಟಾಗ ಅದನ್ನು ಉಗುರಿನಿಂದ ಕೆರೆದು ತೆಗೆಯುವವರೆಗೂ ಅವರು ನನ್ನೊಡನೆ ಮಾತಾಡಲಿಲ್ಲ. ಫ್ಲೆಕ್ಸಿನವರು ಹೆಸರನ್ನೂ ಹಾಕಿದ್ದಾರೆ, ಅದೂ ತಪ್ಪು ಕಾಗುಣಿತದಲ್ಲಿ. ನಾನಾದರೂ ಅವರ ಶಿಸ್ತು ಪಾಲಿಸುತ್ತೇನೆ.

ನಾನು ಈ ಊರಿನಲ್ಲಿ ಫಿಸಿಯೋಥೆರಪಿಸ್ಟ್. ಲಕ್ವಾ ಹೊಡೆದವರಿಗೆ, ಎಲುಬು ಮುರಿದುಕೊಂಡವರಿಗೆ ವ್ಯಾಯಾಮ ಮಾಡಿಸುವುದು ನನ್ನ ಕೆಲಸ. ಊರಿನ ಬಾಯಲ್ಲಿ ನಾನು 'ಕಾಲು ಎಳೆಯೋ ಡಾಕ್ಟ್ರು'. ಅವರು ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸ್ನಾಯುಗಳ ಮೇಲೆ ಸಂಶೋಧನೆ ಮಾಡುತ್ತಿದ್ದವರು. ಮೊದಲ ಸಲ ನನ್ನ ಕೋಣೆಗೆ ಬಂದಾಗ ಮಕ್ತಲ್‌ನಿಂದ ಶೇರ್ ಆಟೋದಲ್ಲಿ ಬಂದಿದ್ದರು, ಮಡಿಲಲ್ಲಿ ಐಸ್ ಡಬ್ಬಿ ಇಟ್ಟುಕೊಂಡು. ನಮಸ್ಕಾರ ಎಂದದ್ದು ನನಗೆ, ಕಣ್ಣೆಲ್ಲ ಬೆಂಚಿನ ಮೇಲೆ ಕೂತಿದ್ದ ನನ್ನ ರೋಗಿಗಳ ಮೀನಖಂಡದ ಮೇಲೆ. ಮುಖ ನೋಡಿ ಗುರುತು ಹಿಡಿಯುವುದು ಅವರಿಗೆ ಬರುತ್ತಿರಲಿಲ್ಲ. ಕಾಲು ನೋಡಿದರೆ ಮಾತ್ರ ವರ್ಷವಾದರೂ ಮರೆಯುತ್ತಿರಲಿಲ್ಲ. ರಸ್ತೆಯಲ್ಲಿ ಎದುರಿಗೆ ಬಂದವನನ್ನು ದಾಟಿ ಹೋಗಲು ಬಿಟ್ಟು, ಹಿಂದಿನಿಂದ ಅವನ ನಡಿಗೆ ನೋಡಿ, "ಅಯ್ಯ, ನೀವಾ?" ಎಂದು ಕೂಗುತ್ತಿದ್ದರು.

ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕೈ ಎಲ್ಲಿಯೂ ಊರದೆ ಒಂದೇ ಉಸಿರಿಗೆ ಏಳುವುದು ಅವರ ಅಭ್ಯಾಸ. ಏಳುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಎದುರಿಗಿದ್ದವರನ್ನೂ ಏಳಿಸುತ್ತಿದ್ದರು. "ಕೈ ಊರದಂಗ ಏಳ್ರಿ ನೋಡೋಣ" ಎಂದು ಅವರು ಹೇಳದ ಮನುಷ್ಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಈ ಮೂರು ಊರಿನಲ್ಲಿ ಸಿಗಲಿಕ್ಕಿಲ್ಲ. ನನ್ನ ಮಾವನವರು ಮನೆಗೆ ಬಂದಿದ್ದಾಗ ಅವರಿಗೂ ಹೇಳಿದರು. ಹಿರಿಯ ಮನುಷ್ಯ, ಮಂಚದ ಕಾಲು ಹಿಡಿದು ಏಳಲು ಹೋಗಿ ಕೂತುಬಿಟ್ಟರು. ಆ ಅವಮಾನವನ್ನು ನನ್ನ ಹೆಂಡತಿ ಇನ್ನೂ ನನ್ನ ಮೇಲೆ ತೀರಿಸಿಕೊಳ್ಳುತ್ತಾಳೆ.

ಅವರು ಗದ್ವಾಲದ ಆಚಾರ್ಯರ ಮನೆತನದವರು. ತಂದೆ ತಹಶೀಲ ಕಚೇರಿಯಲ್ಲಿದ್ದರು, ಬಂಧುಬಳಗವೆಲ್ಲ ರಾಯಚೂರು, ಮಂತ್ರಾಲಯದ ಕಡೆ. ಅಂಥ ಮನೆಯ ಮಗಳು ಮಾಂಸದ ಡಬ್ಬಿ ಹಿಡಿದು ಬಸ್ಸು ಹತ್ತುವುದು ಓಣಿಯವರಿಗೆ ಬಿಟ್ಟಿ ಮನರಂಜನೆ. ಬಂಧುಗಳ ಮನೆಯ ಊಟದಲ್ಲಿ ಯಾರಾದರೂ "ಏನು ಕೆಲಸ ತಾಯಿ ನಿಂದು?" ಎಂದು ಕೇಳಿದರೆ, "ಎಲೆ ಮುಂದ ಕೂತಾಗ ಕೇಳಬ್ಯಾಡ್ರಿ" ಎನ್ನುತ್ತಿದ್ದರಂತೆ. ನೇಕಾರರೊಡನೆ ಕೂತು ಕೂತು 'ಇದೆ' ಎನ್ನಲು ತಮ್ಮ ಮನೆಮಾತಿನ 'ಅದ' ಬಿಟ್ಟು ನಮ್ಮಂತೆ 'ಐತಿ' ಎನ್ನಲು ಕಲಿತಿದ್ದರು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಹಳೆಯ 'ಅದ' ಹೊರಗೆ ಬರುತ್ತಿತ್ತು. ಅದು ಬಂದರೆ ನಾನು ಎದ್ದು ಚಹಾ ತರಲು ಹೋಗುತ್ತಿದ್ದೆ.

ಅವರ ಪ್ರಶ್ನೆ ಒಂದೇ. ಮುಪ್ಪಿನಲ್ಲಿ ತೊಡೆ ಯಾಕೆ ಕರಗುತ್ತದೆ? ಎಲ್ಲರದೂ ಒಂದೇ ಸಮ ಕರಗುವುದಿಲ್ಲವಲ್ಲ, ಯಾಕೆ? ನಾರಾಯಣಪೇಟೆ, ಗದ್ವಾಲಗಳ ನೇಕಾರರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಮೆಟ್ಟು ತುಳಿಯುತ್ತಾರೆ. ಕಣ್ಣು ಮಂಜಾಗುತ್ತದೆ, ಬೆನ್ನು ಬಗ್ಗುತ್ತದೆ, ಆದರೆ ಕಾಲು ತುಳಿಯುತ್ತಲೇ ಇರುತ್ತದೆ. ಆ ಕಾಲಿನೊಳಗೆ ಏನಿದೆ ಎಂದು ನೋಡಬೇಕಿತ್ತು ಅವರಿಗೆ. ಹೋಲಿಸಿ ನೋಡಲು ಮಕ್ತಲ್ ಕಡೆಯ ಹೊಲಗೆಲಸದವರೂ ಬೇಕಿತ್ತು. ನೋಡಬೇಕೆಂದರೆ ತೊಡೆಗೆ ದಪ್ಪ ಸೂಜಿ ಚುಚ್ಚಿ ಕಡಲೆಬೇಳೆಯಷ್ಟು ಮಾಂಸ ತೆಗೆಯಬೇಕು. ಚುಚ್ಚಲು ಹೈದರಾಬಾದಿನಿಂದ ಬೇರೆ ಡಾಕ್ಟರು ಬರುತ್ತಿದ್ದರು. ಜನರನ್ನು ಒಪ್ಪಿಸುವ ಕೆಲಸ ನಮ್ಮಿಬ್ಬರ ಪಾಲಿಗೆ.

"ತೊಡಿ ಮಾಂಸ ತಗೊಂಡು ಏನ್ ಮಾಡ್ತೀರಿ ಅಮ್ಮಾರ, ಸಾರು ಮಾಡ್ತೀರೇನು?" ಎಂದು ಕೇಳಿದವನು ಓಣಿಯ ವೀರಭದ್ರಪ್ಪ. ತಲೆ ಪೂರ್ತಿ ಬೆಳ್ಳಗೆ, ಸರ್ಕಾರಿ ಕಾರ್ಡಿನ ಪ್ರಕಾರ ಎಪ್ಪತ್ತು ದಾಟಿದವನು, ಮಗ್ಗದ ಮೇಲೆ ಮಾತ್ರ ಹರೆಯದವನು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕುಣಿಯ ಅಂಚಿನಲ್ಲಿ ಕೂತು ಅವನ ಮಗ್ಗದ ಹಾಸಿನ ಎಳೆಗಳ ಮೇಲೆ ಬೆರಳಿಟ್ಟರು.

"ನೇಯಾಗ ಎಳಿ ಕಡಿತೈತಿ. ಕಡಿದ್ರ ಏನ್ ಮಾಡ್ತೀರಿ?"

"ಗಂಟು ಹಾಕ್ತೀವಿ."

"ಮಾಂಸದಾಗೂ ದಿನಾ ಎಳಿ ಕಡಿತಾವು. ಗಂಟು ಹಾಕೋ ಸಣ್ಣ ಸಣ್ಣ ಕಣ ಇರ್ತಾವು, ಎಳಿ ಬಾಜೂಕ ಮಲಗಿರ್ತಾವು. ಕಡಿದ್ ಕೂಡ್ಲೇ ಎದ್ದು ಬಂದು ಕೂಡಸ್ತಾವು. ವಯಸ್ಸಾದಮ್ಯಾಲ ಅವು ಏಳಂಗಿಲ್ಲ. ಯಾಕ ಏಳಂಗಿಲ್ಲ, ಯಾರ ಮೈಯಾಗ ಇನ್ನೂ ಏಳ್ತಾವು, ಅದು ನನಗ ಬೇಕಾಗೈತಿ."

ವೀರಭದ್ರಪ್ಪ ತನ್ನ ತೊಡೆ ನೋಡಿಕೊಂಡ. "ನನ್ನವು ಎದ್ದಾವೋ ಮಲಗ್ಯಾವೋ ನನಗೂ ಹೇಳಬೇಕು ನೋಡ್ರಿ" ಎಂದು ಪಂಚೆ ಸರಿಸಿದ. ಅವನು ಕೊಟ್ಟನೆಂದು ಓಣಿಯವರು ಕೊಟ್ಟರು. ಓಣಿಯವರು ಕೊಟ್ಟರೆಂದು ಗದ್ವಾಲದವರೂ ಕೊಟ್ಟರು.

ಅವರಿಗೆ ಇದು ಬರೀ ಕುತೂಹಲವಾಗಿರಲಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಒಂದು ದಿನ ಮಕ್ತಲ್‌ನಿಂದ ಗದ್ವಾಲಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕೃಷ್ಣೆ ದಾಟುವಾಗ ಯಾವ ಪೀಠಿಕೆಯೂ ಇಲ್ಲದೆ ಹೇಳಿದರು: "ನನ್ನ ತಮ್ಮ ಇಲ್ಲೇ ಈಸು ಬೀಳ್ತಿದ್ದ. ಆಮ್ಯಾಲ ನಡಿಯಾಕೂ ಆಗಲಿಲ್ಲ. ಮದಲ ತೊಡಿ, ಆಮ್ಯಾಲ ಭುಜ, ಕಡೀಕ ಉಸಿರು." ಮಾಂಸ ಸವೆಯುವ ಕಾಯಿಲೆ. ಅಲ್ಲಿ ಎಳೆ ಕಡಿಯುವುದು ಹೆಚ್ಚು, ಗಂಟು ಹಾಕುವ ಕಣಗಳು ಹಗಲಿರುಳು ದುಡಿದು ಖಾಲಿಯಾಗಿಬಿಡುತ್ತವೆ. ಮುಪ್ಪಿನಲ್ಲೂ ಏಳುವ ಕಣಗಳ ಗುಟ್ಟು ಸಿಕ್ಕರೆ ಅಂಥವರಿಗೂ ಮುಂದೆಂದಾದರೂ ಒಂದು ದಾರಿ ಸಿಗಬಹುದು ಎಂಬುದು ಅವರ ಲೆಕ್ಕ. ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಮುಂದೆ ಆ ತಮ್ಮನ ಮಾತನ್ನು ಮತ್ತೆಂದೂ ಎತ್ತಲಿಲ್ಲ.

ಇಷ್ಟೆಲ್ಲ ಒಳಗಿಟ್ಟುಕೊಂಡವರು ಬೇರೆಯವರಿಗೆ ಒಂದು ಒಳ್ಳೆಯ ಮಾತು ಹೇಳಬೇಕೋ ಬೇಡವೋ? ಉಟ್ಕೂರಿನಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳ ಮಗನಿಗೂ ಅದೇ ಕಾಯಿಲೆ. ನಾನು ವಾರಕ್ಕೊಮ್ಮೆ ಹೋಗಿ ಅವನ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಒಂದು ಸಲ ಇವರೂ ಬಂದರು. ಆ ತಾಯಿ ಕೈ ಮುಗಿದು ಕೇಳಿದಳು: "ನಿಮ್ಮ ಕೆಲಸದಿಂದ ನನ್ನ ಮಗಗ ಏನಾರ ಗುಣ ಆಗತೈತೇನ್ರಿ ಅಮ್ಮಾರ?"

"ಈಗ ಏನೂ ಆಗಂಗಿಲ್ಲವ್ವ. ಇವನ ಕಾಲಕ್ಕ ಔಷಧ ಬರ್ತೈತಿ ಅಂತ ನಾ ಹೇಳಂಗಿಲ್ಲ. ಬಂದ್ರ ಬರಬಹುದು. ನನಗ ಗೊತ್ತಿಲ್ಲ."

ಹೊರಗೆ ಬಂದ ಮೇಲೆ ನಾನು ರೇಗಿದೆ. "ಪ್ರಯತ್ನ ನಡದೈತಿ ಅಂತರ ಅನ್ನಬಹುದಿತ್ತಲ್ಲ ಮೇಡಂ. ಆಕಿ ನಾಳಿ ಯಾವನೋ ಎಣ್ಣಿ ಹಚ್ಚೋನ ಹತ್ರ ಹೋಗ್ತಾಳ, ಅವ ಗ್ಯಾರಂಟಿ ಕೊಡ್ತಾನ."

"ಕೊಡಲಿ. ಗ್ಯಾರಂಟಿ ಕೊಡೋರು ಭಾಳ ಮಂದಿ ಇದ್ದಾರ. ಗೊತ್ತಿಲ್ಲ ಅನ್ನಾಕ ಒಬ್ಬರರ ಬೇಕಲ್ಲ?"

ನಾನು ಹೇಳಿದಂತೆಯೇ ಆಯಿತು, ಆ ತಾಯಿ ಎಣ್ಣೆಯವನ ಬಳಿ ಹೋದಳು. ಆದರೆ ಮುಂದಿನ ತಿಂಗಳು ಇವರನ್ನು ಮತ್ತೆ ಕರೆದುಕೊಂಡು ಬನ್ನಿ ಎಂದು ನನಗೆ ಹೇಳಿ ಕಳಿಸಿದಳು. ಯಾಕೆ ಎಂದು ನನಗೆ ಇಂದಿಗೂ ಸರಿಯಾಗಿ ತಿಳಿದಿಲ್ಲ.

ಫಲಿತಾಂಶ ಬಂದ ದಿನ ಅವರು ಹೈದರಾಬಾದಿನಿಂದ ಫೋನ್ ಮಾಡಲಿಲ್ಲ, ಬಸ್ಸು ಹತ್ತಿ ಬಂದುಬಿಟ್ಟರು. ಅವರ ಮುಖದಲ್ಲಿ ಅಂಥ ನಗುವನ್ನು ನಾನು ನೋಡಿರಲಿಲ್ಲ. ಎಪ್ಪತ್ತು ದಾಟಿದ ನೇಕಾರರ ತೊಡೆಯಲ್ಲಿ ಆ ಕಣಗಳು ಹರೆಯದವರಲ್ಲಿ ಎದ್ದಂತೆ ಎದ್ದಿದ್ದವು. ವೀರಭದ್ರಪ್ಪನ ತುಣುಕಂತೂ ಎಲ್ಲರಿಗಿಂತ ಮುಂದು. ಮಕ್ತಲ್‌ನ ಹೊಲಗೆಲಸದ ಹೆಂಗಸರು, ವಯಸ್ಸಿನಲ್ಲಿ ಅಷ್ಟು ಕಿರಿಯರಾಗಿದ್ದರೂ, ಹಿಂದೆ ಬಿದ್ದಿದ್ದರು. ಎಷ್ಟು ಸಲ ಪರೀಕ್ಷಿಸಿದರೂ ಅದೇ. ಬರಹ ಸಿದ್ಧವಾಯಿತು, ಹೊರದೇಶದ ಒಂದು ಪತ್ರಿಕೆ ಅಚ್ಚು ಹಾಕಲು ಒಪ್ಪಿತು. ಅವರ ನಿವೃತ್ತಿಗೆ ಇನ್ನು ಹೆಚ್ಚು ಕಾಲ ಉಳಿದಿರಲಿಲ್ಲ. ಇದನ್ನು ಹಿಡಿದು ಮುಂದಿನ ಕೆಲಸ ಶುರು ಮಾಡಿಬಿಟ್ಟರೆ ತಾವು ಹೋದರೂ ಅದು ನಿಲ್ಲುವುದಿಲ್ಲ ಎಂದು ಹೇಳುತ್ತಿದ್ದರು.

ಮಾಂಸ ಕೊಟ್ಟವರಿಗೆ ಮೊದಲು ಹೇಳಬೇಕು ಎಂದರು. ಅದು ಅವರ ಹಟ. ಓಣಿಯ ಕಟ್ಟೆಯ ಹತ್ತಿರ ಜಮಖಾನೆ ಹಾಸಿ, ಚಹಾ, ಮಂಡಾಳು, ಮಿರ್ಚಿ ತರಿಸಿ, ಎಲ್ಲರನ್ನೂ ಕೂಡಿಸಿದೆವು. ಅವರು ನಿಂತು ಹೇಳಿದರು: ಈ ಓಣಿಯಲ್ಲಿ ಎಪ್ಪತ್ತು ದಾಟಿದವರ ಕಾಲು ಇನ್ನೂ ಹರೆಯದ್ದಾಗಿದೆ, ಅದರಲ್ಲೂ ವೀರಭದ್ರಪ್ಪನವರದು. ಚಪ್ಪಾಳೆ ನಿರೀಕ್ಷಿಸಿದ್ದೆವು. ಹಿಂದಿನಿಂದ ಒಬ್ಬಳು ಹೆಂಗಸು ಕಿಸಕ್ಕನೆ ನಕ್ಕಳು. ವೀರಭದ್ರಪ್ಪನ ಅಕ್ಕ.

"ಎಪ್ಪತ್ತಾ? ಇವಗಾ? ಇವನ್ನ ಬಗಲಾಗ ಹೊತ್ತು ತಿರುಗಿದಾಕಿ ನಾನು. ನನ್ನ ಕಾರ್ಡಿನಾಗ ಅರವತ್ತು, ಇವಂದ್ರಾಗ ಎಪ್ಪತ್ತೆರಡು. ತಮ್ಮ ಮದಲ ಹುಟ್ಟಿ ಅಕ್ಕನ್ನ ಆಡಿಸ್ಯಾನ ನೋಡ್ರಿ ನಮ್ಮನ್ಯಾಗ!"

ಜಮಖಾನೆಯ ತುಂಬ ನಗು. ಒಬ್ಬೊಬ್ಬರೇ ತಮ್ಮ ತಮ್ಮ ಕಾರ್ಡಿನ ಕತೆ ಹೇಳಿ ಬಿದ್ದು ಬಿದ್ದು ನಕ್ಕರು. ಕಾರ್ಡು ಮಾಡಿಸುವ ಕಾಲಕ್ಕೆ ಯಾರಿಗೂ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. ಬರೆಯುವವನು ಎಲ್ಲರಿಗೂ ಜನವರಿ ಒಂದು ಎಂದು ಹಾಕಿದ, ವರ್ಷಕ್ಕೆ ಮುಖ ನೋಡಿದ. ಮುದುಕರಿಗೆ ಪೆನ್ಶನ್ ಕೊಡುತ್ತಾರೆಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಗಂಡಸರು ಗಡ್ಡ ಬಿಟ್ಟುಕೊಂಡು, ಬೆನ್ನು ಬಗ್ಗಿಸಿಕೊಂಡು, ಕೆಮ್ಮುತ್ತ ಹೋಗಿ ನಿಂತಿದ್ದರು. ಸುದ್ದಿ ಹಬ್ಬುವ ಮೊದಲೇ ಬರೆಸಿದವರು, ಅಕ್ಕನಂಥವರು, ತಮ್ಮ ವಯಸ್ಸಿನಲ್ಲೇ ಉಳಿದರು. ವೀರಭದ್ರಪ್ಪನಿಗೆ ಬಿಳಿಕೂದಲು ವಂಶದಿಂದ ಬಂದದ್ದು, ಇಪ್ಪತ್ತೈದಕ್ಕೇ ನೆರೆತಿದ್ದವಂತೆ. ಜನವರಿ ಒಂದು ನನಗೂ ಗೊತ್ತಿದ್ದ ಸಂಗತಿಯೇ, ನನ್ನ ತಂದೆಯದೂ ಜನವರಿ ಒಂದೇ. ತಾರೀಖು ಹೋದರೆ ಹೋಗಲಿ, ವರ್ಷವಾದರೂ ಹೆಚ್ಚು ಕಡಿಮೆ ಸರಿಯಿರುತ್ತದೆ ಎಂದು ಹೈದರಾಬಾದಿನಲ್ಲೂ ನಂಬಿದ್ದರು, ನಾವೂ ನಂಬಿದ್ದೆವು.

ಅವರು ಒಬ್ಬರೇ ನಗದೆ ನಿಂತಿದ್ದರು. ಕಡೆಗೆ ವೀರಭದ್ರಪ್ಪನನ್ನು ಕೇಳಿದರು: "ನನಗ್ಯಾಕ ಹೇಳಲಿಲ್ಲ ವೀರಭದ್ರಪ್ಪ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ಕಾರ್ಡ್ ತೋರಸ್ರಿ ಅಂದ್ರಿ, ತೋರಿಸಿದ್ವಿ. ಕಾರ್ಡಿನ ವಯಸ್ಸು ಬರಕೊಂಡ್ರಿ, ಬರಕೊಳ್ಳಲಿ ಅಂದ್ವಿ. ಖರೇ ವಯಸ್ಸು ಯಾರು ಕೇಳಿದ್ರು ಅಮ್ಮಾರ?"

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕಚೇರಿಗೆ ಒಂದು ವಯಸ್ಸು, ಮನೆಗೆ ಒಂದು ವಯಸ್ಸು, ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿ ಎಂದು ಬದುಕಿದ ಜನ. ಯಾರು ಕಾರ್ಡು ಕೇಳುತ್ತಾರೋ ಅವರು ಕಚೇರಿಯವರು. ಐಸ್ ಡಬ್ಬಿ ಹಿಡಿದು ಬಂದವರು ಖರೇ ವಯಸ್ಸು ಕೇಳಲು ಬಂದಿದ್ದಾರೆಂದು ಅವರಿಗೆ ಹೊಳೆಯುವುದಾದರೂ ಹೇಗೆ?

ಅಚ್ಚಿಗೆ ಹೋಗಿದ್ದ ಬರಹವನ್ನು ಅವರು ಆ ವಾರವೇ ವಾಪಸ್ ತರಿಸಿಕೊಂಡರು. ವಿಷಯ ತಿಳಿದ ದಿನ ನನ್ನ ಕೋಣೆಯಲ್ಲಿ ನಮಗೆ ದೊಡ್ಡ ಜಗಳ. ರೋಗಿಗಳು ಹೊರಗೆ ಕೂತು ಕೇಳುತ್ತಿದ್ದರು.

"ಎಲ್ಲಾರದೂ ಸುಳ್ಳಲ್ಲ ಮೇಡಂ. ಅರ್ಧ ಮಂದಿ ಖರೇನೇ ಮುದುಕರು. ಆ ಅರ್ಧ ಇಟ್ಕೊಳ್ರಿ, ಉಳಿದದ್ದು ಬಿಡ್ರಿ."

"ಯಾವ ಅರ್ಧ?"

"ಅಂದ್ರ?"

"ಯಾವ ಅರ್ಧ ಅಂತ ಕೇಳಿದೆ. ನಿಮಗ ಗೊತ್ತದ? ನನಗ ಗೊತ್ತಿಲ್ಲ. ಮಕ್ತಲ್‌ದ ಆ ಹೆಣ್ಮಕ್ಕಳನ್ನ ನಿನ್ನಿ ಕೇಳಿ ಬಂದೆ, ಮುದುಕಿ ಅಂದ್ರ ಕೂಲಿಗೆ ಕರಿಯಂಗಿಲ್ಲ ಅಂತ ವಯಸ್ಸು ಕಮ್ಮಿ ಬರೆಸ್ಯಾರ. ನಾ ಹರೇದವರು ಅಂದ್ಕೊಂಡವರು ಮುದುಕ್ಯಾರು, ಮುದುಕರು ಅಂದ್ಕೊಂಡವರು ಹರೇದವರು. ಇದ್ರಾಗ ಏನು ಉಳದದ ಹೇಳ್ರಿ?"

'ಅದ' ಬಂದಿತ್ತು. ಆದರೂ ನಾನು ಚಹಾ ತರಲು ಹೋಗಲಿಲ್ಲ, ನನಗೂ ತಲೆ ಕೆಟ್ಟಿತ್ತು. ಊರೂರು ತಿರುಗಿ, ಬೈಸಿಕೊಂಡು, ಕೈಕಾಲು ಹಿಡಿದು ಕೂಡಿಸಿದ ಕೆಲಸವದು. ಆ ಪತ್ರಿಕೆಯವರು ನಾರಾಯಣಪೇಟೆಗೆ ಬಂದು ವೀರಭದ್ರಪ್ಪನ ಅಕ್ಕನನ್ನು ಕೇಳುತ್ತಿದ್ದರೇ? ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅದಕ್ಕೆ ಅವರು, "ನಾ ನಾಳಿಂದ ವಯಸ್ಸು ಕೇಳಾಕ ಹೊಂಟೀನಿ. ಬರ್ತೀರೋ ಬಿಡ್ತೀರೋ" ಎಂದರು.

ಹೋದೆ. ಹೋಗದೆ ಏನು ಮಾಡಲಿ? ಮೊದಲಿನಿಂದ ಮತ್ತೆ ಮನೆ ಮನೆ. ಈ ಸಲ ಕಾರ್ಡು ತೋರಿಸಿ ಎನ್ನಲಿಲ್ಲ. ಕಟ್ಟೆಯ ಮೇಲೆ ಕೂತು ಮಾತಿಗೆಳೆಯುತ್ತಿದ್ದರು. "ರಜಾಕಾರರ ಗಲಾಟ್ಯಾಗ ನೀವು ಅವ್ವನ ಹೊಟ್ಟ್ಯಾಗಿದ್ರೋ, ಬಗಲಾಗಿದ್ರೋ?" "ಓಣಿಗೆ ಲೈಟ್ ಬಂದಾಗ ನಿಮಗ ಮೀಸಿ ಬಂದಿತ್ತೇನು?" "ನಿಮ್ಮ ಹಿರಿಮಗ ಹುಟ್ಟಿದಾಗ ನಿಮ್ಮ ತಂಗಿ ಮದುವಿ ಆಗಿತ್ತೇನವ್ವ?" ಅಕ್ಕನ ಮಾತಿಗೆ ತಂಗಿಯ ಮಾತು, ಬೀಗರ ಮಾತಿಗೆ ನೆರೆಯವರ ಮಾತು ತಾಳೆ ಹಾಕುತ್ತಿದ್ದರು. ಮಕ್ತಲ್‌ನಲ್ಲಿ ಒಬ್ಬ ಮುದುಕಿ ತನ್ನ ವಯಸ್ಸು ಹೇಳುವ ಬದಲು ತನ್ನ ಸವತಿಯ ಕತೆ ಹೇಳಿ ಇಡೀ ಮಧ್ಯಾಹ್ನ ನುಂಗಿದಳು. ಮಕ್ತಲ್ ಪಕ್ಕದ ಮಾಗನೂರಿನಲ್ಲಿ ಮಾಂಸ ಕೊಟ್ಟಿದ್ದ ಕೆಲವರು ಕೆಲಸಕ್ಕೆಂದು ದೂರ ಹೋಗಿಬಿಟ್ಟಿದ್ದರು, ಅವರು ಬರುವವರೆಗೆ ಕಾಯಬೇಕಾಯಿತು. ಕೇಳಿದವರಿಗೆಲ್ಲ ಇದು ಮಜಾ. ಇಷ್ಟು ಮನಸ್ಸಿಟ್ಟು ಅವರ ಬದುಕಿನ ಕತೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ನನಗೆ ಮಾತ್ರ ಕೈ ಕೈ ಹಿಸುಕಿಕೊಳ್ಳುವ ಹಾಗಾಗುತ್ತಿತ್ತು, ಕಾಲ ಓಡುತ್ತಿತ್ತು.

ಕೊನೆಗೆ ವಯಸ್ಸು ಗಟ್ಟಿಯಾಗಿ ನಿಂತವರು ಬೆರಳೆಣಿಕೆಯ ಮಂದಿ. ಆ ಕೆಲವರಲ್ಲಿ, ನಿಜವಾಗಿಯೂ ಎಪ್ಪತ್ತು ದಾಟಿದ ಆ ನೇಕಾರರಲ್ಲಿ, ಕಣಗಳು ಏಳುತ್ತಲೇ ಇದ್ದವು. ಅಂದರೆ ಅವರ ಊಹೆ ಸುಳ್ಳಾಗಿರಲಿಲ್ಲ. ನಾನು ಕುಣಿದಾಡಿದೆ. ಅವರು ಹೇಳಿದ್ದು, "ಇಷ್ಟು ಮಂದಿ ಮ್ಯಾಲ ಏನೂ ಹೇಳಾಕ ಬರಂಗಿಲ್ಲ. ಇನ್ನೂ ಮಂದಿ ಬೇಕು." ಇನ್ನೂ ಮಂದಿ ಬೇಕೆಂದರೆ ಇನ್ನೂ ಎರಡು ವರ್ಷ ಬೇಕು. ಸಂಶೋಧನೆಗೆ ಹಣ ಕೊಡುವ ಸಮಿತಿಯನ್ನು ಅದಕ್ಕಾಗಿ ಕೇಳಲು ಹೋದರು. ವಯಸ್ಸನ್ನೇ ಕೇಳಲು ಬಾರದವರಿಗೆ ಮುಪ್ಪಿನ ಅಧ್ಯಯನ ಯಾಕೆ ಎಂದು ಸಮಿತಿಯಲ್ಲಿ ಯಾರೋ ನಕ್ಕರಂತೆ. ಅವಧಿ ಮುಗಿಯಿತು, ಕೆಲಸ ಮುಚ್ಚಿತು, ಅವರು ನಿವೃತ್ತರಾದರು. ಬರಹ ಹಾಗೇ ಅಚ್ಚಾಗಿದ್ದರೆ ಸಮಿತಿಯವರು ಹಾರ ಹಾಕುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ. ಒಮ್ಮೆ ಸಮಿತಿಯ ಮೇಲೆ, ಒಮ್ಮೆ ಕಾರ್ಡು ಬರೆದವನ ಮೇಲೆ, ಹೆಚ್ಚಿನ ಸಲ ಅವರ ಮೇಲೆಯೇ.

ನಿವೃತ್ತಿಯ ಮೇಲೆ ಗದ್ವಾಲದಲ್ಲಿ ಇದ್ದರು. ಸುಮ್ಮನೆ ಇರಲಿಲ್ಲ. ಬಸ್ಸಿನಲ್ಲಿ ಬರುವುದು, ಓಣಿಯಲ್ಲಿ ಕೂರುವುದು, ಯಾರಾದರೂ ಹಾಸಿಗೆ ಹಿಡಿದಿದ್ದರೆ ಹೋಗಿ ಅವರನ್ನು ಎಬ್ಬಿಸುವುದು. "ಮಲಗಿದಷ್ಟೂ ಕರಗತೈತಿ, ಏಳ್ರಿ" ಎಂದು ಗದರಿಸುವುದು. ಔಷಧವಿಲ್ಲ ಎನ್ನುತ್ತಲೇ ಎಷ್ಟೋ ಮಂದಿಯನ್ನು ಗೋಡೆ ಹಿಡಿಸಿ ನಡೆಸಿದರು. ಅದನ್ನು ನೋಡಿಯೇ ಜನ ಫ್ಲೆಕ್ಸಿನಲ್ಲಿ ವೈದ್ಯೆ ಎಂದು ಬರೆದಿರಬೇಕು.

ಹೋದ ತಿಂಗಳು ಮನೆಯ ಮುಂದೆ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದರು. ತೊಡೆಯ ಎಲುಬು ಮುರಿಯಿತು. ರಾಯಚೂರಿಗೆ ಕರೆದೊಯ್ದರು, ಆಪರೇಶನ್ ಆದ ಮೇಲೆ ಎದೆಯಲ್ಲಿ ಕಫ ಕಟ್ಟಿ ಕೆಲವೇ ದಿನಗಳಲ್ಲಿ ಹೋದರು. ಆಪರೇಶನ್ನಿನ ಬೆಳಿಗ್ಗೆ ನಾನು ಅವರ ಪಕ್ಕದಲ್ಲಿದ್ದೆ. ನೋವಿನಲ್ಲಿ ಮುಖ ಕಪ್ಪಿಟ್ಟಿತ್ತು. ಆದರೂ ನನ್ನ ಕೈ ಹಿಡಿದು ಎಳೆದರು.

"ಹೆಂಗೂ ತೊಡಿ ಕೊಯ್ತಾರ. ಎಲುಬು ಕೂಡಸಬೇಕಾದ್ರ ಮಾಂಸದ ಚೂರು ಬರತೈತಿ, ಅದನ್ನ ಎಸೀತಾರ. ಲ್ಯಾಬಿಗೆ ಫೋನ್ ಹಚ್ರಿ. ಯಾರನ್ನರ ಐಸ್ ಡಬ್ಬಿ ಕೊಟ್ಟು ಕಳಸಲಿ, ಗಾಡಿ ಮಾಡ್ಕೊಂಡು ಬಂದ್ರ ಮಧ್ಯಾಹ್ನದೊಳಗ ಮುಟ್ತಾರ. ವಯಸ್ಸು ಎಪ್ಪತ್ತೊಂದು. ಖರೇ ಎಪ್ಪತ್ತೊಂದು. ನಮ್ಮಪ್ಪ ಗಳಿಗಿ ನೋಡಿ ಜಾತಕ ಬರೆಸ್ಯಾರ."

ನಾನು ವರಾಂಡಕ್ಕೆ ಓಡಿ ಫೋನ್ ಮಾಡಿದೆ. ಈಗ ಅಲ್ಲಿ ಅವರ ಜಾಗದಲ್ಲಿರುವವಳು ಅವರದೇ ಶಿಷ್ಯೆ. ಸುದ್ದಿ ಕೇಳಿ ಅತ್ತಳು. ಅತ್ತು ಮುಗಿಸಿ, ಆಗುವುದಿಲ್ಲ ಎಂದಳು. ಆ ಅಧ್ಯಯನದ ಅನುಮತಿ ಮುಗಿದುಹೋಗಿದೆ, ಅನುಮತಿಯಿಲ್ಲದೆ ಮನುಷ್ಯರ ಮೈಯಿಂದ ಒಂದು ಚೂರೂ ತೆಗೆದುಕೊಳ್ಳುವಂತಿಲ್ಲ, ಮೇಡಂ ಆದರೂ ಅಷ್ಟೇ, ಯಾರಾದರೂ ಅಷ್ಟೇ. ನಾನು ಕೂಗಾಡಿದೆ. ನರ್ಸ್ ಬಂದು ನನ್ನನ್ನು ಸುಮ್ಮನಿರಿಸಿದಳು.

ಒಳಗೆ ಬಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಸರಿಯಾಗಿ ಹೇಳ್ಯಾಳ. ಹೂಂ ಅಂದಿದ್ರ ನಾನೇ ಆಕಿನ್ನ ಬೈತಿದ್ದೆ."

"ಮತ್ತ ನನಗ್ಯಾಕ ಫೋನ್ ಹಚ್ರಿ ಅಂದ್ರಿ?" ಎಂದೆ. ಸಾಯುವಂತೆ ಮಲಗಿದವರ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಬಾರದಿತ್ತು, ಆದರೆ ತಡೆಯಲಾಗಲಿಲ್ಲ.

"ಆಶಾ ಇತ್ತು. ಕೇಳಿದೆ" ಎಂದರು.

ಅಷ್ಟರಲ್ಲಿ ಗಾಲಿಮಂಚ ಬಂತು. ಒಳಗೆ ಒಯ್ದರು. ನಾನು ಬಾಗಿಲ ಹೊರಗೆ ನಿಂತಿದ್ದೆ, ಕೂರಲು ಮನಸ್ಸಾಗಲಿಲ್ಲ. ಬಹಳ ಹೊತ್ತಿನ ಮೇಲೆ ಆಪರೇಶನ್ ಮಾಡಿದ ಡಾಕ್ಟರು ಹೊರಗೆ ಬಂದರು. ಹರೆಯದವರು, ಈ ಕಡೆಯವರೇ. ಎಲ್ಲ ಚೆನ್ನಾಗಿ ಆಯಿತು ಎಂದರು. ಆಮೇಲೆ ಮಾಸ್ಕು ಕೆಳಗೆ ಎಳೆದು ಕೇಳಿದರು:

"ವಯಸ್ಸು ಎಪ್ಪತ್ತೊಂದು ಅಂತ ಬರೆಸೀರಲ್ಲ, ಸರಿ ಐತೇನ್ರಿ? ತೊಡಿ ಮಾಂಸ ನೋಡಿದ್ರ ಹಂಗ ಅನಸಂಗಿಲ್ಲ, ಐವತ್ತರೊಳಗಿನೋರ ಇದ್ದಂಗೈತಿ. ನಮ್ಮ ಕಡೆ ಕಾರ್ಡಿನ ವಯಸ್ಸು ನಂಬಾಕ ಬರಂಗಿಲ್ಲ ನೋಡ್ರಿ."

"ಖರೇ ಎಪ್ಪತ್ತೊಂದು ರೀ" ಎಂದೆ. "ಅವರದು ಖರೇ."

ಡಾಕ್ಟರು ಆಯಿತು ಆಯಿತು ಎಂಬಂತೆ ತಲೆಯಾಡಿಸಿದರು. ನಂಬಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

"ಆ ಚೂರು ಎಲ್ಲೈತ್ರಿ, ಸಾರ್?"

"ಯಾವ ಚೂರು?"

ನಾನು ಅವರನ್ನು ದಾಟಿ ಒಳಗೆ ನೋಡಿದೆ. ಬಾಗಿಲ ಪಕ್ಕದಲ್ಲಿ ಆಯಾ ಒಬ್ಬಳು ಕೂತು, ಹಳದಿ ಕಸದ ಚೀಲದ ಬಾಯಿ ಕಟ್ಟುತ್ತಿದ್ದಳು.